ಕುದುರೆಯಿಂದ ಬೀಳುತ್ತಿರುವವನು

ನ್ಯೂಯಾರ್ಕ್,
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನು ಕಳುಹಿಸಿದ ಫೋಟೊ ನೋಡಿ ಅಮ್ಮ, "ಬೀಳುತ್ತಿರುವವನ ಪ್ರತಿಮೆಯನ್ನು ಯಾರಾದರೂ ನಿಲ್ಲಿಸುತ್ತಾರೆಯೇ?" ಎಂದರಂತೆ. ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ, ಅದಕ್ಕೇ ಈ ಕಾಗದ.

ಇಲ್ಲಿಯ ಆರನೇ ಅವೆನ್ಯೂ ಸೆಂಟ್ರಲ್ ಪಾರ್ಕಿಗೆ ಬಂದು ಮುಟ್ಟುವ ಕಡೆ ಮೂವರು ಕಂಚಿನ ಸವಾರರಿದ್ದಾರೆ. ಉತ್ತರ, ದಕ್ಷಿಣ ಎರಡೂ ಅಮೆರಿಕಗಳು ಒಂದೇ ಬಳಗ ಎಂದು ಸಾರಲು 1945ರಲ್ಲಿ ಆ ರಸ್ತೆಗೆ 'ಅವೆನ್ಯೂ ಆಫ್ ದಿ ಅಮೆರಿಕಾಸ್' ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಅದು ಇಂದಿಗೂ ಆರನೇ ಅವೆನ್ಯೂ, ದೊಡ್ಡಪ್ಪನಿಗೆ ಎಂ.ಜಿ. ರಸ್ತೆ ಕೊನೆಯವರೆಗೂ ಸೌತ್ ಪೆರೇಡ್ ಆಗಿಯೇ ಉಳಿಯಲಿಲ್ಲವೇ, ಹಾಗೆ.

ಆ ಬದಿ ಈ ಬದಿಯಲ್ಲಿ ಬೊಲಿವಾರ್, ಸಾನ್ ಮಾರ್ಟಿನ್. ಸ್ಪೇನಿನ ಹಿಡಿತದಿಂದ ದಕ್ಷಿಣ ಅಮೆರಿಕವನ್ನು ಬಿಡಿಸಿದ ಸೇನಾನಿಗಳು, ಗೆದ್ದವರ ಠೀವಿ. ನಡುವೆ ಇರುವವನು ಕ್ಯೂಬಾದ ಕವಿ ಹೊಸೆ ಮಾರ್ಟಿ. ಇದೇ ಊರಿನಲ್ಲಿ ಹದಿನೈದು ವರ್ಷ ಪತ್ರಿಕೆಗಳಿಗೆ ಬರೆದುಕೊಂಡಿದ್ದು, 1895ರಲ್ಲಿ ಸ್ಪೇನಿನ ವಿರುದ್ಧ ಕ್ಯೂಬಾದ ಸ್ವಾತಂತ್ರ್ಯ ಯುದ್ಧಕ್ಕೆ ಹೋಗಿ ಮೇ ತಿಂಗಳಲ್ಲಿ ಗುಂಡಿಗೆ ಬಲಿಯಾದ. ಶಿಲ್ಪ ಹಿಡಿದಿರುವುದು ಆ ಗಳಿಗೆಯನ್ನೇ. ಸಮವಸ್ತ್ರವಿಲ್ಲ, ಮಾಮೂಲಿ ಕೋಟು. ಮೈ ಒಂದು ಬದಿಗೆ ವಾಲಿದೆ, ಕೈ ಎದೆಯ ಮೇಲಿದೆ. ಬೆದರಿದ ಕುದುರೆ ಮುಂಗಾಲೆತ್ತಿದೆ. ಕೆಳಗೆ ನಿಂತರೆ ಈಗಲೇ ನಮ್ಮ ಮೇಲೆ ಬಿದ್ದಾನು ಎಂದು ಒಂದು ಹೆಜ್ಜೆ ಹಿಂದಿಡುತ್ತೇವೆ. ಇದನ್ನು ಮಾಡಿದ ಆನಾ ಹಯಾಟ್ ಹಂಟಿಂಗ್ಟನ್ ಅವರಿಗೆ ಆಗ ಎಂಬತ್ತು ದಾಟಿತ್ತು ಅಪ್ಪ! ನೀವು ಮೊಣಕಾಲು ನೋವೆಂದು ವಾಕಿಂಗ್ ಬಿಟ್ಟಿದ್ದೀರಿ.

ಶಿಲ್ಪ 1959ರ ಹೊತ್ತಿಗೆ ಸಿದ್ಧವಾಗಿತ್ತು. ಅಷ್ಟರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಗಿ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದರು, 1961ರಲ್ಲಿ ಅಮೆರಿಕ, ಕ್ಯೂಬಾ ಎರಡರ ಸಂಬಂಧವೇ ಕಡಿಯಿತು. ಕ್ಯಾಸ್ಟ್ರೊ ಕಡೆಯವರೂ ವಿರೋಧಿಗಳೂ ಮಾರ್ಟಿ ತಮ್ಮವನೆಂದೇ ಹೇಳುವವರು. ಅನಾವರಣದ ದಿನ ಹೊಡೆದಾಟವಾದೀತೆಂಬ ಭಯ. ಪೀಠ ವರ್ಷಗಟ್ಟಲೆ ಬೋಳಾಗಿ ನಿಂತಿತ್ತು, ಕವಿ ಉಗ್ರಾಣದಲ್ಲಿದ್ದ. ಅಂತೂ 1965ರಲ್ಲಿ ಹೊರಗೆ ಬಂದ. ಬಳಗವೆಂದು ಹೆಸರಿಟ್ಟ ರಸ್ತೆಯಲ್ಲಿ ದಾಯಾದಿ ಜಗಳ! ನನಗಂತೂ ಮೂರರಲ್ಲಿ ಇವನೇ ಹೆಚ್ಚು ನಿಜವೆನಿಸುತ್ತಾನೆ. 2018ರಲ್ಲಿ ಇದರದೇ ಪಡಿಯಚ್ಚನ್ನು ಹವಾನಾದಲ್ಲೂ ನಿಲ್ಲಿಸಿದ್ದಾರೆ.

ಅಲ್ಲೇ ಪಾರ್ಕಿನೊಳಗೆ ಪ್ರವಾಸಿಗಳಿಗಾಗಿ ಕುದುರೆಗಾಡಿಗಳು ಸಾಲಾಗಿ ನಿಲ್ಲುತ್ತವೆ, ಮೈಸೂರಿನ ಟಾಂಗಾಗಳಂತೆ. ನಿನ್ನೆ ಒಂದು ಕುದುರೆ ಬಕೆಟ್ಟಿಗೆ ಮೂತಿಯಿಟ್ಟು ಮೇವು ತಿನ್ನುತ್ತಿತ್ತು. ಅದರ ಫೋಟೊವನ್ನೂ ಕಳುಹಿಸುತ್ತೇನೆ, ಅಮ್ಮನಿಗೆ ಅದಾದರೂ ಹಿಡಿಸೀತು.

ನಿಮ್ಮ ಮಗಳು