ಮಗಳಿಗೊಂದು ಪತ್ರ: ಸಹಿ ಹಾಕಿದವರ ಮನೆ

ಆಲ್ದೂರು, ಡಿಸೆಂಬರ್ 10

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ವೀಸಾ ಕೈಗೆ ಬಂದ ಸುದ್ದಿ ನಿಮ್ಮ ಅಪ್ಪನಿಂದ ತಿಳಿಯಿತು. ಭಾನುವಾರ ಫೋನಿನಲ್ಲಿ ನಮ್ಮಿಬ್ಬರ ನಡುವೆ ಮಾತಿಗೆ ಮಾತು ಬೆಳೆದ ಮೇಲೆ ನೀನು ಅದನ್ನು ನನಗೆ ಹೇಳದೆ ಅವರಿಗೆ ಹೇಳಿದ್ದು ಸಹಜವೇ. ಆದರೆ ಅವರು ಕಣದಲ್ಲಿ ಕಾಫಿ ಕೆದಕುತ್ತ ಆಳುಗಳ ಎದುರಿಗೇ ಅದನ್ನು ಸಾರಿದ್ದರಿಂದ, ಮಗಳ ಪ್ರಯಾಣದ ವಿಷಯ ನನಗಿಂತ ಮೊದಲು ಹಣ್ಣು ಕುಯ್ಯುವವರಿಗೆ ಗೊತ್ತಾಯಿತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯೆ, ನಾನು ದನಿ ಏರಿಸುತ್ತೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಅಂದು ನಾನಾಡಿದ ಎರಡು ಮಾತುಗಳಲ್ಲಿ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕುಯ್ಲಿಗೆ ಮನೆಗೆ ಬರಲು ಸಿಗದ ರಜೆ ಜರ್ಮನಿಗೆ ಹೋಗಲು ಹೇಗೆ ಸಿಕ್ಕಿತು ಎಂದು ಕೇಳಬಾರದಿತ್ತು. ನಿನ್ನ ಗೆಳತಿಯರಲ್ಲಿ ಒಬ್ಬಳು ಹ್ಯಾಂಬರ್ಗಿನಲ್ಲಿ, ಒಬ್ಬಳು ಬರ್ಲಿನ್ನಿನಲ್ಲಿ, ಇನ್ನೊಬ್ಬಳು ಗಡಿಯಾಚೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೆಲಸಕ್ಕಿರುವಾಗ ಅವರೆಲ್ಲ ಒಟ್ಟಿಗೆ ತಮ್ಮ ಊರಾದ ಫ್ರೈಬುರ್ಗಿಗೆ ಬರುವುದು ಕ್ರಿಸ್‌ಮಸ್ಸಿಗೆ ಮಾತ್ರ, ನಮ್ಮ ಅರೇಬಿಕಾ ಹಣ್ಣಾಗುವುದೂ ಆಗಲೇ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಆಳುಗಳು ಸಿಗುವುದಿಲ್ಲ, ಮೊನ್ನೆ ಮೋಡ ಕವಿದು ಕಣದ ಕಾಫಿಯನ್ನೆಲ್ಲ ಎರಡು ಸಲ ಗುಡ್ಡೆ ಹಾಕಿ ಮುಚ್ಚಿದೆವು. ಅದು ನಮ್ಮ ಪಾಡು, ಪ್ರತಿ ವರ್ಷವೂ ಇದ್ದದ್ದೇ.

ಎರಡನೆಯ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಾರೆ. ಆ ಊರಿಗೆ ಹೋಗಿ, ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಹೋದ ವರ್ಷ ನಿನ್ನನ್ನು ಮನೆಯಲ್ಲಿಟ್ಟುಕೊಂಡ ಆ ತಾಯಿಯ ಮನೆಯಲ್ಲಿ ಉಳಿಯದೆ, ಗೆಳತಿಯರು ನೋಡಿಕೊಟ್ಟ ಬಾಡಿಗೆ ಕೋಣೆಯಲ್ಲಿ ಇರುತ್ತೇನೆ ಎನ್ನುತ್ತೀಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಒಂದು ಮಧ್ಯಾಹ್ನ ಹೋಗಿ ಕಾಫಿ ಕುಡಿದು, ಕೇಕು ತಿಂದು, ಯಜಮಾನರು ತೀರಿಕೊಂಡದ್ದಕ್ಕೆ ನಾಲ್ಕು ಮಾತಾಡಿ ಬಂದರೆ ಸಾಲದೇ ಎಂದು ಕೇಳಿದೆ. ಸಾಲದು.

ನೀನು ಕೆಲಸ ಬದಲಿಸಿ ಹೆಚ್ಚು ತಿಂಗಳಾಗಿರಲಿಲ್ಲವೆಂದು ವೀಸಾಕ್ಕೆ ಅಡ್ಡಿಯಾದೀತೆಂಬ ಭಯದಲ್ಲಿ ನೀನೇ ಅವರಿಗೆ ಬರೆದೆ. ಅವರು ಅಲ್ಲಿನ ವಿದೇಶೀಯರ ಕಚೇರಿಗೆ ಹೋಗಿ, ತಮ್ಮ ಆದಾಯದ ಕಾಗದಗಳನ್ನು ತೋರಿಸಿ, ನಿನ್ನ ವಾಸದ ಖರ್ಚನ್ನೂ ಆರೋಗ್ಯ ಕೆಟ್ಟರೆ ಅದರ ವೆಚ್ಚವನ್ನೂ ತಾನು ಭರಿಸುತ್ತೇನೆಂದು ಮುಚ್ಚಳಿಕೆ ಬರೆದು ಸಹಿ ಹಾಕಿಕೊಟ್ಟರು. ವೀಸಾಕ್ಕೆ ಬೇಕಾದ 30,000 ಯುರೋ ಮೊತ್ತದ ಆರೋಗ್ಯ ವಿಮೆಯನ್ನು ನೀನು ಹೇಗೂ ಮಾಡಿಸಲೇಬೇಕಿತ್ತು, ಆದ್ದರಿಂದ ಅವರ ಕೈಯಿಂದ ಹಣ ಹೋಗುವುದಿಲ್ಲ ಎಂದು ನೀನು ನನಗೆ ಲೆಕ್ಕ ಒಪ್ಪಿಸಿದೆ. ನಾನು ಕೇಳುತ್ತಿರುವುದು ಆ ಲೆಕ್ಕವನ್ನಲ್ಲ. ಗಂಡ ಹೋಗಿ ಇನ್ನೂ ವರ್ಷ ತುಂಬದ ಹೆಂಗಸು ಚಳಿಯಲ್ಲಿ ಕಚೇರಿ ಹತ್ತಿ ಇಳಿದು ಸಹಿ ಹಾಕಿಕೊಡುವುದು, ನೀನು ಬೇರೆ ಕಡೆ ಇಳಿದುಕೊಳ್ಳುವುದು, ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ.

ಸಹಿಯ ಮಾತು ಬಂದರೆ ನಿಮ್ಮ ಅಪ್ಪ ಎದ್ದು ಹೊರಗೆ ಹೋಗುತ್ತಾರೆ, ಏಕೆಂದರೆ ನಾನು ಎಲ್ಲಿಗೆ ಬರುತ್ತೇನೆಂದು ಅವರಿಗೆ ಗೊತ್ತು. ನಿನಗೆ ಹದಿನಾರು ತುಂಬಿದ ವರ್ಷ ವಿನಿಮಯ ಕಾರ್ಯಕ್ರಮದವರು ಕಳಿಸಿದ ಕಾಗದಗಳಲ್ಲಿ ಒಂದು ಹಾಳೆಯಿತ್ತು. ನಮ್ಮನ್ನು ಸಂಪರ್ಕಿಸಲಾಗದ ತುರ್ತಿನಲ್ಲಿ ನಿನಗೆ ಚಿಕಿತ್ಸೆ, ಅರಿವಳಿಕೆ, ಶಸ್ತ್ರಚಿಕಿತ್ಸೆ ಏನೇ ಬೇಕಾದರೂ ಒಪ್ಪಿಗೆ ಕೊಡುವ ಅಧಿಕಾರ ಆತಿಥೇಯ ತಂದೆತಾಯಿಗಳದು ಎಂಬ ಹಾಳೆ. ಉಳಿದ ಕಾಗದಗಳಿಗೆಲ್ಲ ನಿಮ್ಮ ಅಪ್ಪ ತೋರಿಸಿದಲ್ಲಿ ಸಹಿ ಹಾಕಿದವಳು ಆ ಒಂದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ, ಮತ್ತೆ ಓದಿದೆ. ಮುಖ ನೋಡದ, ಹೆಸರು ಸರಿಯಾಗಿ ಹೇಳಲು ಬಾರದ ಇಬ್ಬರ ಕೈಗೆ ಮಗಳ ಮೈಯನ್ನು ಒಪ್ಪಿಸುವ ಕಾಗದ ಅದು. ಅಜ್ಜಿ ಒಳಗಿನಿಂದ, "ಕಳಿಸೋದಾದ್ರೆ ನಂಬಿ ಕಳಿಸು, ನಂಬಿಕೆಯಿಲ್ದಿದ್ರೆ ಇಟ್ಕೋ," ಎಂದರು. ಸಹಿ ಹಾಕಿದೆ.

ಮುಂದೆ ಜೂನ್ ತಿಂಗಳಲ್ಲಿ, ನೀನು ಹಿಂದಿರುಗಲು ಕೆಲವೇ ವಾರ ಉಳಿದಿದ್ದಾಗ, ಆ ಹಾಳೆ ಕೆಲಸಕ್ಕೆ ಬಂತು. ನಿನಗೆ ಹೊಟ್ಟೆನೋವು ಬಂದದ್ದು, ಅಪೆಂಡಿಕ್ಸ್ ಎಂದು ತಿಳಿದದ್ದು, ಆಸ್ಪತ್ರೆಯಲ್ಲಿ ಆದದ್ದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಅದನ್ನು ಬರೆಯುವುದಿಲ್ಲ. ಇಲ್ಲಿ ಏನಾಗಿತ್ತೆಂದು ಮಾತ್ರ ನೀನು ಕಂಡಿಲ್ಲ. ಮಳೆ ಹಿಡಿದು ವಾರವಾಗಿತ್ತು; ಗೇಟಿನ ಬಳಿಯ ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಕರೆಂಟು ಹೋಗಿತ್ತು, ಫೋನು ಸತ್ತಿತ್ತು, ತಿರುವಿನ ದಿಬ್ಬಕ್ಕೆ ಹೋದರೂ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನಿನ್ನನ್ನು ಒಳಗೆ ಕರೆದೊಯ್ದಾಗ ಅಲ್ಲಿ ರಾತ್ರಿ ಹತ್ತು ಗಂಟೆಯಂತೆ, ಬೇಸಿಗೆಯಾದ್ದರಿಂದ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ, ಅಂದರೆ ಇಲ್ಲಿ ಒಂದೂವರೆ. ಆ ಒಂದೂವರೆಗೆ ಗೋದಾಮಿನ ಹೆಂಚು ಸರಿದು ನೀರು ಸುರಿಯುತ್ತಿದ್ದುದರಿಂದ ನಾನೂ ನಿಮ್ಮ ಅಪ್ಪನೂ ಟಾರ್ಚು ಹಿಡಿದು ಮೆಣಸಿನ ಮೂಟೆಗಳನ್ನು ಜರುಗಿಸಿ ಟಾರ್ಪಾಲು ಹೊದಿಸುತ್ತಿದ್ದೆವು. ಒಂದು ಮೂಟೆಯ ಬಾಯಿ ಬಿಚ್ಚಿ ಮೆಣಸು ನೆಲದ ಮೇಲೆಲ್ಲ ಚೆಲ್ಲಿತು. ನಾನು ಕುಳಿತು ಒಂದೊಂದೇ ಹಿಡಿ ಗೋರಿ ತುಂಬಿದೆ, ಬೆಲೆ ಚೆನ್ನಾಗಿತ್ತಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಮಗಳ ಹೊಟ್ಟೆಗೆ ಕತ್ತರಿ ಹಾಕುತ್ತಿರುವಾಗ ತಾಯಿಗೆ ಎದೆ ಹೊಡೆದುಕೊಳ್ಳಬೇಕು, ಏನೋ ಸೂಚನೆ ಸಿಗಬೇಕು ಎನ್ನುತ್ತಾರಲ್ಲ, ನನಗೆ ಏನೂ ಆಗಲಿಲ್ಲ. ಮೆಣಸು ತುಂಬಿ, ಕೈಕಾಲು ತೊಳೆದು, ಗಾಢವಾಗಿ ನಿದ್ದೆ ಮಾಡಿದೆ. ಮರುದಿನ ಮಧ್ಯಾಹ್ನ ಚಿಕ್ಕಮಗಳೂರಿನಿಂದ ಕಾರ್ಯಕ್ರಮದವರು ಜೀಪಿನಲ್ಲಿ ಬಂದು, ಕೊಡೆ ಮಡಿಸುವ ಮೊದಲೇ "ಏನೂ ಗಾಬರಿಯಿಲ್ಲ" ಎಂದಾಗಲೇ ಗಾಬರಿಯಾದದ್ದು. ಅದೇ ಜೀಪಿನಲ್ಲಿ ಪೇಟೆಗೆ ಹೋಗಿ ಅವರ ಫೋನಿನಿಂದ ಮಾತಾಡಿದೆವು. ಆ ತಾಯಿ ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದು ಇಂಗ್ಲಿಷ್ ಪದವನ್ನೂ ಬಿಡಿಸಿ, ನೀನು ನಿದ್ದೆಯಲ್ಲಿದ್ದೀಯೆಂದೂ, ತಾನು ರಾತ್ರಿಯಿಡೀ ಪಕ್ಕದ ಕುರ್ಚಿಯಲ್ಲಿದ್ದೆನೆಂದೂ, ನಮ್ಮ ಸಹಿಯಿದ್ದ ಹಾಳೆಯ ಕೆಳಗೆ ತನ್ನ ಸಹಿ ಹಾಕುವಾಗ ನನ್ನ ಹೆಸರನ್ನು ಓದಿಕೊಂಡೆನೆಂದೂ ಹೇಳಿದರು. ನಾನು ಥ್ಯಾಂಕ್ಯೂ ಎನ್ನುವುದನ್ನೂ ಮರೆತೆ.

ಆ ಮನೆಯ ಯಜಮಾನರು ಅಂದು ಮಾಡಿದ್ದನ್ನೂ ನೆನಪಿಸುತ್ತೇನೆ. ಅವರಿದ್ದ ವೋಬಾನ್ ಬಡಾವಣೆಯಲ್ಲಿ ಕಾರುಗಳನ್ನು ಅಂಚಿನ ಗ್ಯಾರೇಜಿನಲ್ಲೇ ಬಿಟ್ಟು ನಡೆದು ಬರಬೇಕು, ಸಾಮಾನು ಇಳಿಸುವುದಕ್ಕೆ ಮಾತ್ರ ನಡಿಗೆಯ ವೇಗದಲ್ಲಿ ಮನೆಯವರೆಗೆ ತರಬಹುದು ಎಂದು ನೀನು ಬರೆದಾಗ ಇದೆಂಥ ಊರು ಎಂದು ನಕ್ಕಿದ್ದೆವು. ಅದೇ ಮನುಷ್ಯ, ನಿಯಮವೆಂದರೆ ನಿಯಮ ಎನ್ನುವವರು, ಅಂದು ಕಾರನ್ನು ಬಾಗಿಲಿಗೇ ತಂದು ನಿನ್ನನ್ನು ಎತ್ತಿ ಕೂರಿಸಿದರು. ನೀನು ಗಂಜಿ ಕೇಳಿದೆಯೆಂದು ಹಾಲಿನಲ್ಲಿ ಅಕ್ಕಿ ಬೇಯಿಸಿ ಸಕ್ಕರೆ, ಚಕ್ಕೆಪುಡಿ ಉದುರಿಸಿ ಆಸ್ಪತ್ರೆಗೆ ತಂದವರೂ ಅವರೇ. ಮುಂದಿನ ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟ ಬೆಳ್ಳಗಾಗಿದ್ದಾಗ ಇಬ್ಬರೂ ಇಲ್ಲಿಗೆ ಬಂದರಲ್ಲ, ಆಗ ಅವರು ಮುಳ್ಳಯ್ಯನಗಿರಿ ಹತ್ತಿ, 1,930 ಮೀಟರ್ ಎಂದು ತಿಳಿದು, ತಮ್ಮ ಬ್ಲ್ಯಾಕ್ ಫಾರೆಸ್ಟಿನ ಅತಿ ಎತ್ತರದ ಫೆಲ್ಡ್‌ಬೆರ್ಗ್ 1,493 ಮೀಟರ್ ಎಂದು ಸಪ್ಪೆ ಮೋರೆ ಮಾಡಿದ್ದು ನಿಮ್ಮ ಅಪ್ಪನಿಗೆ ಇಂದಿಗೂ ಹೆಮ್ಮೆಯ ಕಥೆ.

ನೀನು ಕೊಡುವ ಕಾರಣ ನನಗೆ ಗೊತ್ತು. ಅಲ್ಲಿಯವರು ದುಃಖದಲ್ಲಿ ಒಂಟಿಯಾಗಿರಲು ಇಷ್ಟಪಡುತ್ತಾರೆ, ಫೋನಿನಲ್ಲಿ ಅವರು ಸಮಾಧಾನವಾಗಿಯೇ ಮಾತಾಡಿದರು, ನಮ್ಮ ಊರಿನಂತೆ ಸಾವಿನ ಮನೆಯಲ್ಲಿ ಹತ್ತು ಜನ ಮಲಗುವ ಪದ್ಧತಿ ಅಲ್ಲಿಲ್ಲ ಎಂದೆ. ಇರಬಹುದು, ಅವರೊಂದಿಗೆ ವರ್ಷ ಕಳೆದವಳು ನೀನು. ಆದರೂ ಒಂದು ವಿಷಯ ಕೇಳು. ಅವರಿಬ್ಬರೂ ಇಲ್ಲಿದ್ದಾಗ ಒಂದು ಸಂಜೆ ಜಗುಲಿಯಲ್ಲಿ ಯಜಮಾನರು 1944ರ ನವೆಂಬರ್ 27ರ ರಾತ್ರಿ ವಿಮಾನಗಳು ಬಂದು ಫ್ರೈಬುರ್ಗಿನ ನಡುಪಟ್ಟಣವನ್ನೇ ನೆಲಸಮ ಮಾಡಿದ್ದನ್ನೂ, ಸುತ್ತೆಲ್ಲ ಸುಟ್ಟರೂ 116 ಮೀಟರಿನ ಗೋಪುರದೊಡನೆ ದೊಡ್ಡ ಇಗರ್ಜಿ ಉಳಿದದ್ದನ್ನೂ, ಆಗ ಚಿಕ್ಕ ಹುಡುಗಿಯಾಗಿದ್ದ ತಮ್ಮ ತಾಯಿ ಅದನ್ನೆಲ್ಲ ಕಂಡದ್ದನ್ನೂ ಹೇಳಿದರು. ಹೇಳುವಾಗ ಅವರ ದನಿ ಒಂದಿಷ್ಟೂ ಬದಲಾಗಲಿಲ್ಲ, ಕಾಫಿ ಹದವಾಗಿದೆ ಎಂದ ದನಿಯಲ್ಲೇ ಹೇಳಿದರು. ರಾತ್ರಿ ಮಾತ್ರ ಊಟ ಬೇಡವೆಂದು ಮಲಗಿದರು. ಆ ಮನೆಯವರ ದನಿ ಸಮಾಧಾನವಾಗಿದೆಯೆಂದು ಅವರಿಗೆ ಜನ ಬೇಡವೆಂದು ತೀರ್ಮಾನಿಸುವುದು ಅವಸರ.

ಇನ್ನು ಗೆಳತಿಯರ ವಿಷಯ. ಅವರನ್ನು ನೋಡಬೇಡ ಎಂದು ನಾನು ಎಂದೂ ಅಂದಿಲ್ಲ. ಇಷ್ಟು ವರ್ಷ ದೂರವಿದ್ದೂ ಸ್ನೇಹ ಉಳಿಸಿಕೊಂಡದ್ದು ನಿನ್ನ ಗುಣ. ನನ್ನ ಹಾಸನದ ಹಾಸ್ಟೆಲಿನ ಗೆಳತಿಯರಲ್ಲಿ ಒಬ್ಬರ ಮನೆಯೂ ಈಗ ನನಗೆ ಗೊತ್ತಿಲ್ಲ, ಇಷ್ಟು ಹತ್ತಿರವಿದ್ದೂ. ಆದರೆ ನೀನು ಬಿಟ್ಟುಬಂದ ಊರನ್ನೇ ಹುಡುಕಿಕೊಂಡು ಹೋಗಬೇಡ. ಜೊತೆಯಲ್ಲಿ ಟ್ರಾಮಿಗೆ ಓಡಿದ ಕಥೆ, ಮೇಷ್ಟ್ರನ್ನು ಅಣಕಿಸಿದ ಕಥೆ ಎರಡು ಸಂಜೆಗೆ ಮುಗಿಯುತ್ತವೆ. ಮೂರನೆಯ ಸಂಜೆ ಅವರು ತಮ್ಮ ಈಗಿನ ಮಾತಾಡುತ್ತಾರೆ, ಅದರಲ್ಲಿ ನಿನಗೆ ಗೊತ್ತಿಲ್ಲದ ಹೆಸರುಗಳೇ ಹೆಚ್ಚಿರುತ್ತವೆ. ಆಗ ಮುಖ ಸಣ್ಣದು ಮಾಡಿಕೊಳ್ಳದೆ, ಆ ಹೆಸರುಗಳ ಬಗ್ಗೆ ಕೇಳು. ನಿನ್ನ ಜರ್ಮನ್ ತುಕ್ಕು ಹಿಡಿದಿದ್ದರೆ ನಾಚಬೇಡ, ಇಂಗ್ಲಿಷಿಗೆ ಜಾರಲೂ ಬೇಡ. ಯಾರಿಗೆ ಎಷ್ಟು ಸಂಬಳ, ಯಾರು ಮದುವೆಯಾದರು ಎಂದು ನಮ್ಮವರ ಹಾಗೆ ಮೊದಲ ದಿನವೇ ವಿಚಾರಿಸಬೇಡ. ಉಪದೇಶ ಮಾಡುವುದಿಲ್ಲ ಎಂದುಕೊಂಡೇ ಕುಳಿತಿದ್ದೆ, ಇರಲಿ, ಇಷ್ಟು ಬರೆದಾಯಿತು.

ಆದರೆ ಈ ಗೆಳತಿಯರ ಲೆಕ್ಕವನ್ನೇ ಸ್ವಲ್ಪ ಮುಂದಕ್ಕೆ ಒಯ್ದು ನೋಡು. 24ರ ಮಧ್ಯಾಹ್ನಕ್ಕೆ ಅಲ್ಲಿ ಅಂಗಡಿಗಳು ಮುಚ್ಚುತ್ತವೆ, ಆ ರಾತ್ರಿ ಎಲ್ಲರೂ ತಮ್ಮ ತಮ್ಮ ಮನೆಯವರೊಂದಿಗೆ ಇರುತ್ತಾರೆ, 25 ಮತ್ತು 26 ಎರಡೂ ರಜೆ. ಇದನ್ನೆಲ್ಲ ನನಗೆ ಬರೆದು ತಿಳಿಸಿದವಳು ನೀನೇ. ಹಾಗಾದರೆ 24ರ ರಾತ್ರಿ ನಿನ್ನ ಮೂವರು ಗೆಳತಿಯರೂ ತಂದೆತಾಯಿಯರ ಮನೆಯಲ್ಲಿ ಊಟಕ್ಕೆ ಕುಳಿತಿರುವಾಗ ನೀನು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬ್ರೆಡ್ಡು ತಿನ್ನುತ್ತೀಯೆ. ಟ್ರಾಮಿನಲ್ಲಿ ಹೋಗುವಷ್ಟು ದೂರದಲ್ಲಿ, ಮಗ ಈ ಸಲ ಹೆಂಡತಿಯ ತವರಿಗೆ ಹೋಗಿರುವ ಮನೆಯಲ್ಲಿ, ಗಂಡನಿಲ್ಲದ ಮೊದಲ ಕ್ರಿಸ್‌ಮಸ್ಸನ್ನು ಆ ತಾಯಿ ಒಬ್ಬರೇ ಕಳೆಯುತ್ತಾರೆ. ಇದನ್ನು ಓದಿದ ಮೇಲೂ ನಿನಗೆ ಕೋಣೆಯೇ ಸರಿ ಎನ್ನಿಸಿದರೆ ನಾನು ಮುಂದೆ ಮಾತಾಡುವುದಿಲ್ಲ. (ಮಾತಾಡುತ್ತೇನೆ, ಆದರೆ ನಿಮ್ಮ ಅಪ್ಪನ ಬಳಿ.)

ಆದ್ದರಿಂದ ಊಹೆ ಬಿಟ್ಟು ಅವರನ್ನೇ ಕೇಳಿಬಿಡು. ಮನಸ್ಸಿನಲ್ಲಿ ಒಂದಿಟ್ಟು ಬಾಯಲ್ಲಿ ಒಂದಾಡುವುದು ಅವರಿಗೆ ಗೊತ್ತಿಲ್ಲ. ಬೇಡವೆಂದರೆ ಬೇಡ, ಬಾ ಎಂದರೆ ಬಾ. "ನಾನು ನಿಮ್ಮ ಮನೆಯಲ್ಲಿ ಉಳಿಯಲೇ, ಅಥವಾ ನಿಮಗೆ ಒಂಟಿಯಾಗಿರುವುದು ಹಿತವೇ?" ಎಂದು ಕೇಳು. ಅವರು ಬೇಡವೆಂದರೆ ನನ್ನ ವಾದವೆಲ್ಲ ಅಲ್ಲಿಗೆ ಮುಗಿಯಿತು, ಕೋಣೆಯಲ್ಲಿರು. ಬಾ ಎಂದರೆ ಹಗಲು ಗೆಳತಿಯರೊಂದಿಗೆ ತಿರುಗಿ ರಾತ್ರಿ ಅವರ ಮನೆಗೆ ಹೋಗು, ಕತ್ತಲಾಗುವ ಹೊತ್ತನ್ನು ಮೊದಲೇ ನೋಡಿಕೋ, ಅಲ್ಲಿ ಈಗ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ.

ಅಜ್ಜಿಯ ಎಚ್ಚರಿಕೆಯನ್ನೂ ಬರೆಯಬೇಕಂತೆ. ಆ ಊರಿನ ಬೀದಿಗಳಲ್ಲಿ ಹರಿಯುವ ಸಣ್ಣ ಕಾಲುವೆಗಳಲ್ಲಿ ಅರಿಯದೆ ಕಾಲಿಟ್ಟವರು ಆ ಊರಿನವರನ್ನೇ ಮದುವೆಯಾಗುತ್ತಾರೆಂಬ ನಂಬಿಕೆಯಿದೆಯೆಂದೂ, ನೀನು ಹೋದ ಮೊದಲ ವಾರವೇ ಕಾಲಿಟ್ಟೆಯೆಂದೂ ಬರೆದ ದಿನದಿಂದ ಅವರಿಗೆ ಅದೇ ಚಿಂತೆ. ಈ ಸಲ ನೋಡಿ ನಡೆಯಬೇಕಂತೆ. ನನಗೂ ಆ ಚಿಂತೆ ಇಲ್ಲವೆಂದರೆ ಸುಳ್ಳಾಗುತ್ತದೆ. ಅಲ್ಲೇ ಒಂದು ಕೆಲಸ ಹುಡುಕುತ್ತೇನೆಂದು ನೀನು ಒಮ್ಮೆ ಅಂದದ್ದು ನೆನಪಿದೆ. ಅದರ ಮಾತು ಈಗ ಬೇಡ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಫ್ರೈಬುರ್ಗಿಗೆ ರೈಲಿನಲ್ಲಿ ಎರಡು ಗಂಟೆಗೆ ತುಸು ಮೇಲೆ ಎಂದೆಯಲ್ಲ, ಅಲ್ಲಿಯ ರೈಲುಗಳು ಈಚೆಗೆ ತಡವಾಗುವುದೇ ಹೆಚ್ಚಂತೆ, ರೈಲು ಬದಲಿಸುವಲ್ಲಿ ನಡುವೆ ಸಾಕಷ್ಟು ಸಮಯ ಇಟ್ಟುಕೋ. ತುಪ್ಪ, ಪೇಡ ಒಯ್ಯಬೇಡ. ಹಾಲಿನ ಪದಾರ್ಥಗಳನ್ನು ಯುರೋಪಿನ ಆ ದೇಶಗಳೊಳಗೆ ಬಿಡುವುದಿಲ್ಲ. ನಮ್ಮ ತೋಟದ ಅರೇಬಿಕಾ ಹುರಿಸಿ, ಚಿಕೋರಿ ಬೆರೆಸದೆ ಪುಡಿ ಮಾಡಿಸಿದ್ದೇನೆ, ಜೊತೆಗೆ ಒಂದು ಪೊಟ್ಟಣ ಕಾಳುಮೆಣಸಿದೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಪಾರ್ಸೆಲ್ ಹಾಕಿಸುತ್ತೇವೆ, ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಬಿಡಿಸಿಕೋ. ಕಾಫಿಪುಡಿಯ ದೊಡ್ಡ ಪೊಟ್ಟಣ ಆ ತಾಯಿಗೆ, ಚಿಕ್ಕ ಮೂರು ಗೆಳತಿಯರಿಗೆ. ಹಂಚುವಾಗ ಅದಲುಬದಲು ಮಾಡಬೇಡ. ಉಳಿಯುವ ಬಗ್ಗೆ ಆ ತಾಯಿ ಏನೆಂದರು ಎಂಬುದನ್ನು ಅಪ್ಪನಿಗಲ್ಲ, ನನಗೆ ಫೋನು ಮಾಡಿ ಹೇಳು.

ನಿನ್ನ
ಅಮ್ಮ