ಕೊನೆಯ ಬೆಟ್‌ಗೆ ಕಾಲ್ ಅನ್ನುವ ಮುಂಚೆ ಎಣಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಓದುಗರ ಪತ್ರಗಳಲ್ಲಿ ಶಿರಸಿಯವರೊಬ್ಬರು ಗೋವಾದಲ್ಲಿ ಹಣ ಕಟ್ಟಿ ಆಡುವ ಪೋಕರ್ ಎಲೆಯಾಟದ ಬಗ್ಗೆ ಬರೆದಿದ್ದಾರೆ. ರಿವರ್‌ನಲ್ಲಿ, ಅಂದರೆ ಕೊನೆಯ ಎಲೆ ಬಿದ್ದ ಮೇಲೆ, ಎದುರಿನವನು ದೊಡ್ಡ ಬೆಟ್ ಹಾಕಿದಾಗ ಕಾಲ್ ಮಾಡಲು, ಅಂದರೆ ಅಷ್ಟೇ ಹಣ ನಾವೂ ಕಟ್ಟಲು, ಎದೆಗಾರಿಕೆ ಬೇಕು ಅಂತ ಅವರ ಮಾತು. ಈ ಮಾತನ್ನು ನಂಬಿ ನಮ್ಮ ಕಡೆಯ ಹುಡುಗರು ಜಾಸ್ತಿ ದುಡ್ಡು ಕಳೆದುಕೊಂಡಿದ್ದಾರೆ. ಅದಕ್ಕೇ ಈ ಪತ್ರ.

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್ ಬೋಟುಗಳ ಲೆಕ್ಕ ಬರೆಯುವವನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ಒಂದೆರಡು ಸಲ, ಉಳಿದ ದಿನಗಳಲ್ಲಿ ಯಾವಾಗಲೋ ಒಮ್ಮೆ, ಪೋಳೆಂ ಗಡಿ ದಾಟಿ ಪಣಜಿಗೆ ಹೋಗುತ್ತೇನೆ. ಮಾಂಡವಿ ನದಿಯಲ್ಲಿ ನಿಂತ ಕ್ಯಾಸಿನೋ ಹಡಗಿನಲ್ಲಿ ಆಡುತ್ತೇನೆ. ಒಯ್ಯುವುದು ಹತ್ತು ಸಾವಿರ. ಅದು ಹೋದರೆ ಎದ್ದು ಬರುತ್ತೇನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾವು ಆಡುವ ಪೋಕರ್ ಬಗೆ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ. ಟೇಬಲ್ ಮೇಲೆ ಎಲ್ಲರಿಗೂ ಸೇರಿ ಐದು. ಐದನೆಯದೇ ರಿವರ್. ಅದಾದ ಮೇಲೆ ಬೇರೆ ಎಲೆ ಬರುವುದಿಲ್ಲ. ನಮ್ಮ ಕೈ ಆಗಲೇ ಗೆದ್ದಿರುತ್ತದೆ ಅಥವಾ ಸೋತಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ.

ಇತ್ತೀಚಿನ ಒಂದು ಆಟ ಹೇಳುತ್ತೇನೆ. ನನ್ನ ಕೈಯಲ್ಲಿ ಇಸ್ಪೀಟ್ ಎಕ್ಕ, ಡೈಮನ್ ರಾಣಿ. ಟೇಬಲ್ ಮೇಲೆ ಇಸ್ಪೀಟ್ ರಾಣಿ, ಇಸ್ಪೀಟ್ ಎಂಟು, ಕಳಾವರ್ ಮೂರು, ಆಮೇಲೆ ಡೈಮನ್ ಏಳು, ಕೊನೆಗೆ ಆಟಿನ್ ಎರಡು. ಎದುರಿಗೆ ಕನ್ನಡಕ ಹಣೆಗೇರಿಸಿಕೊಂಡ ಒಬ್ಬ ಹಿರಿಯರು. ಮೂರು ಗಂಟೆಯಿಂದ ಲಿಂಬು ಸೋಡಾ ಕುಡಿಯುತ್ತ, ಬಂದ ಎಲೆಗಳನ್ನು ಬಿಡುತ್ತಲೇ ಕೂತಿದ್ದರು. ಎರಡು ಸಲ ತಾವು ಬೆಟ್ ಹಾಕದೆ ಚೆಕ್ ಅಂದು ನನ್ನ ಬೆಟ್‌ಗೆ ಬರೀ ಕಾಲ್ ಮಾಡಿದ್ದರು. ರಿವರ್ ಬಿದ್ದ ಕೂಡಲೇ ಸಾವಿರ ರೂಪಾಯಿಯ ಮೂರು ಚಿಪ್ ಮುಂದೆ ತಳ್ಳಿದರು. ಮಧ್ಯೆ ಇದ್ದದ್ದೂ ಮೂರು ಸಾವಿರವೇ. ಅದನ್ನು ನಾನೇ ಲೆಕ್ಕ ಇಟ್ಟುಕೊಂಡಿದ್ದೆ. ಫೋನ್ ಆಟದಲ್ಲಿ ಪಾಟ್, ಅಂದರೆ ಮಧ್ಯೆ ಕೂಡಿದ ಹಣ, ಎಷ್ಟು ಅಂತ ಪರದೆಯೇ ತೋರಿಸುತ್ತಿತ್ತು. ಇಲ್ಲಿ ಡೀಲರ್ ಎಣಿಸಿ ಹೇಳುವುದಿಲ್ಲ.

ಮೊದಲ ಲೆಕ್ಕ ಸುಲಭ. ನಾನು ಮೂರು ಸಾವಿರ ಕೊಟ್ಟರೆ ಒಟ್ಟು ಒಂಬತ್ತು ಸಾವಿರ. ಅಂದರೆ ಮೂರು ಸಲದಲ್ಲಿ ಒಂದು ಸಲ ನಾನು ಗೆದ್ದರೂ ಸರಿಹೋಗುತ್ತದೆ. ಕ್ಯಾಸಿನೋ ಪಾಟ್‌ನಿಂದ ತನ್ನ ಪಾಲು ತೆಗೆಯುವುದರಿಂದ ಇನ್ನೂ ಸ್ವಲ್ಪ ಜಾಸ್ತಿ ಬೇಕು.

ಇನ್ನು ಅವರ ಕೈ. ಎಂಟು, ಏಳು, ಮೂರು, ಇವುಗಳಲ್ಲಿ ಯಾವುದಾದರೂ ಜೋಡಿ ಅವರ ಕೈಯಲ್ಲಿ ಇದ್ದರೆ ಟೇಬಲ್ ಮೇಲಿನದು ಸೇರಿ ಮೂರಾಗುತ್ತದೆ, ರಾಣಿಯ ಒಂದೇ ಜೋಡಿ ಹಿಡಿದ ನಾನು ಸೋತೆ. ಒಂದೊಂದಕ್ಕೂ ಮೂರು ಬಗೆ, ಒಟ್ಟು ಒಂಬತ್ತು. ಎರಡು ಜೋಡಿ ಆಗುವ ಒಂದೇ ಜಾತಿಯ ರಾಣಿ-ಎಂಟು, ರಾಣಿ-ಏಳು, ಎಂಟು-ಏಳು ಎರಡೆರಡು ಬಗೆ, ಅವಕ್ಕೂ ನಾನು ಸೋಲುತ್ತೇನೆ. ಒಟ್ಟು ಹದಿನೈದು. ಹಾಗಾದರೆ ನನ್ನ ಕಾಲ್ ಸರಿಯಾಗಲು ಅವರು ಏಳೆಂಟು ಬಗೆಯ ಪೊಳ್ಳು ಕೈಯಲ್ಲಿ ಹೀಗೇ ಬೆಟ್ ಹಾಕುವವರಾಗಿರಬೇಕು. ಪೊಳ್ಳು ಎಂದರೆ ಮುಖ್ಯವಾಗಿ ಇಸ್ಪೀಟ್ ಫ್ಲಶ್‌ಗೆ, ಅಂದರೆ ಐದು ಇಸ್ಪೀಟ್ ಎಲೆ ಸೇರಲು, ಕಾದು ಸಿಗದೇ ಹೋದವು. ಅದರಲ್ಲೂ ಇಸ್ಪೀಟ್ ಎಕ್ಕದ ಜೊತೆ ಇಸ್ಪೀಟ್ ಗುಲಾಮ, ಹತ್ತು, ಒಂಬತ್ತು, ಆರು, ಐದು ಅಥವಾ ನಾಲ್ಕು. ಆದರೆ ಇಸ್ಪೀಟ್ ಎಕ್ಕ ನನ್ನ ಕೈಯಲ್ಲೇ ಇದೆ! ಆ ಆರೂ ಬಗೆ ಅವರ ಹತ್ತಿರ ಇರಲು ಸಾಧ್ಯವೇ ಇಲ್ಲ. ದೊಡ್ಡ ಎಕ್ಕ ಕೈಯಲ್ಲಿದ್ದರೆ ಧೈರ್ಯ ಬರುತ್ತದೆ. ಈ ಜಾಗದಲ್ಲಿ ಅದೇ ಎಕ್ಕ ಕಾಲ್ ಮಾಡಬೇಡ ಅನ್ನುತ್ತದೆ. ಅದು ಆಟಿನ್ ಎಕ್ಕ ಆಗಿದ್ದರೆ ನಾನು ಕಾಲ್ ಬಗ್ಗೆ ಗಟ್ಟಿಯಾಗಿ ಯೋಚಿಸುತ್ತಿದ್ದೆ. ಸೋತಿದ್ದರೂ ತಪ್ಪು ಅಂದುಕೊಳ್ಳುತ್ತಿರಲಿಲ್ಲ.

ಉಳಿದದ್ದು ಮನುಷ್ಯನ ಮಾತು. ಬೈತಖೋಲದ ಮೀನು ಹರಾಜಿನಲ್ಲಿ ಬೆಳಗ್ಗೆಯಿಂದ ಬಾಯಿ ಬಿಡದ ವ್ಯಾಪಾರಿ ಇಸೋಣ ಮೀನಿನ ಬುಟ್ಟಿ ಬಂದ ಕೂಡಲೇ ದೊಡ್ಡ ಬೆಲೆ ಕೂಗಿದರೆ, ಅವನ ಕೈಯಲ್ಲಿ ಆರ್ಡರ್ ಇದೆ ಅಂತಲೇ ಅರ್ಥ. ಸುಮ್ನೆ ಕೂಗುವವನಲ್ಲ ಅವನು. ಈ ಹಿರಿಯರೂ ಹಾಗೇ ಕಂಡರು. ಎಲೆ ಕೆಳಮುಖ ಮಾಡಿ ಬಿಟ್ಟೆ. ಅವರೂ ತಮ್ಮ ಎಲೆ ತೋರಿಸಲಿಲ್ಲ.

ಪಕ್ಕದಲ್ಲಿ ಅಂಕೋಲಾದ ಒಬ್ಬ ಹುಡುಗ ಕೂತಿದ್ದ. ಬಿಟ್ಟದ್ದು ಏನು ಅಂತ ಅವನಿಗೆ ಹೇಳಿದೆ. "ಅಂಕಲ್, ಎಕ್ಕ-ರಾಣಿ ಬಿಟ್ರಾ?" ಅಂತ ಬೇಸರಪಟ್ಟ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಫೋನಿನಲ್ಲಿ ಹಣ ಕಟ್ಟಿ ಆಡುವುದು ನಿಂತ ಮೇಲೆ ಅವನು ಗೋವಾಕ್ಕೆ ಹೋಗಲು ಶುರು ಮಾಡಿದವನು. ಅರ್ಧ ಗಂಟೆ ಮೊದಲು ಬರೀ ಒಂಬತ್ತರ ಜೋಡಿ ಹಿಡಿದು ಆರು ಸಾವಿರದ ಬೆಟ್‌ಗೆ "ಕಾಲ್" ಅಂದಿದ್ದ. ಬಾಯಿಂದ ಮಾತು ಬಿತ್ತು, ಇನ್ನು ಹಿಂದಕ್ಕಿಲ್ಲ. ಎದುರಿನವನು ಎಲೆ ತೆರೆಯುವ ಮೊದಲೇ ಹುಡುಗನ ಕಿವಿ ಕೆಂಪಾಗಿತ್ತು. ಯಾಕೆ ಕಾಲ್ ಮಾಡಿದೆ ಅಂತ ಕೇಳಿದೆ. "ಅಷ್ಟೊಂದು ಹಾಕಿಬಿಟ್ಟಿದ್ದೆನಲ್ಲ, ಅವನು ನನ್ನನ್ನು ಮಂಗ ಮಾಡ್ತಿದಾನೆ ಅನ್ನಿಸ್ತು" ಅಂದ.

ಬೋಟು ನಡೆಸುವ ನಮ್ಮ ತಾಂಡೇಲರು ಕಡಲಿನಲ್ಲಿ ಹೀಗೆ ಯೋಚಿಸುವುದಿಲ್ಲ. ಸುಟ್ಟ ಡೀಸೆಲ್ ಸುಟ್ಟುಹೋಯಿತು. ಇನ್ನೊಮ್ಮೆ ಬಲೆ ಬಿಡಬೇಕೋ ಬೇಡವೋ ಅನ್ನುವುದು ಮುಂದೆ ಮೀನು ಇದೆಯೋ ಇಲ್ಲವೋ ಅನ್ನುವುದರ ಮೇಲೆ. ಆ ಹುಡುಗ ಕಟ್ಟಿದ ಆರು ಸಾವಿರ ಅವನ ಅರ್ಧ ತಿಂಗಳ ಸಂಬಳ. ಅವನನ್ನು ಹೇಡಿ ಅಂದವರು ಯಾರೂ ಇರಲಿಲ್ಲ. ಎದೆಗಾರಿಕೆಯ ಮಾತು ಅವನ ತಲೆಯೊಳಗೇ ಕೂತಿತ್ತು. ಶಿರಸಿಯವರು ದಯವಿಟ್ಟು ಇದನ್ನು ಯೋಚಿಸಬೇಕು.

ಮುಂದಿನ ಸಲ ಹೊರಡುವ ಮುಂಚೆ ಬೈತಖೋಲಕ್ಕೆ ಬಾ, ದುಡ್ಡಿಲ್ಲದೆ ಎಲೆ ಹರಡಿಕೊಂಡು ಎಣಿಸೋಣ ಅಂತ ಆ ಹುಡುಗನಿಗೆ ಅಂದಿದ್ದೆ. ಕಳೆದ ಭಾನುವಾರ ಬಂದಿದ್ದ. ಆ ಹದಿನೈದು ಬಗೆಯನ್ನೂ ಒಂದೊಂದಾಗಿ ಮೇಜಿನ ಮೇಲೆ ಅವನೇ ಜೋಡಿಸಿದ. ಶಿರಸಿಯವರು ಕಾರವಾರದ ಕಡೆ ಬಂದರೆ ಅವರೂ ಬರಲಿ, ಕುರ್ಚಿ ಹಾಕಿ ಕೂರಿಸುತ್ತೇನೆ.

– ಬೋಟಿನ ಲೆಕ್ಕ ಬರೆಯುವ ಓದುಗ, ಬೈತಖೋಲ, ಕಾರವಾರ