ಗುಡ್ಡ ಉಳೀತು, ಬುಡದಾಗಿನ ಹುಡುಗ್ರು ಗುಳೆ ಹೊಂಟಾರ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಕಪ್ಪತಗುಡ್ಡದ ಬಗ್ಗೆ ಪೇಪರ್‌ನ್ಯಾಗ ಏನ್ ಬಂದ್ರೂ ನಾನು ಬಿಡದಂಗ ಓದ್ತೀನಿ, ಯಾಕಂದ್ರ ನಮ್ಮೂರು ಮುಂಡರಗಿ ತಾಲೂಕಿನ್ಯಾಗ ಅದೇ ಗುಡ್ಡದ ಬುಡಕ್ಕೈತಿ. ಔಷಧಿ ಗಿಡದ ಬಗ್ಗೆ ಬರೀತಾರ, ತೋಳ, ಕತ್ತೆಕಿರುಬದ ಬಗ್ಗೆ ಬರೀತಾರ, ಗಣಿಗಾರಿಕೆಗೆ ಯಾರರೆ ಅರ್ಜಿ ಹಾಕಿದ್ರು ಅಂದ್ರ ದೊಡ್ಡದಾಗೇ ಬರೀತಾರ. ಗುಡ್ಡದ ಬುಡದಾಗ ಹದಿನೆಂಟು ಇಪ್ಪತ್ತು ವರ್ಷದ ಹುಡುಗ್ರು ಹುಡುಗ್ಯಾರು ಏನ್ ಮಾಡಾಕತ್ತಾರ ಅಂತ ಮಾತ್ರ ಯಾರೂ ಕೇಳಂಗಿಲ್ಲ. ಅದಕ್ಕ ಈ ಪತ್ರ.

ನಮ್ದು ಗಣಿ ಅನ್ನ ಉಂಡ ಊರ್ರಿ. ನೂರು ವರ್ಷದ ಹಿಂದ ಇಂಗ್ಲಿಷ್ ಕಂಪನಿಯವ್ರು ಬಂಗಾರಕ್ಕಂತ ತೋಡಿದ ಗುಂಡಿ ಇನ್ನೂ ಗುಡ್ಡದಾಗ ಬಾಯಿ ತಕ್ಕೊಂಡು ಕುಂತಾವ, ಸಣ್ಣವ್ರಿದ್ದಾಗ ದನ ಕಾಯಾಕ ಹೋಗಿ ಅದರಾಗ ಕಲ್ಲು ಒಗದು ಸದ್ದು ಬರೋತನಕ ಎಣಿಸ್ತಿದ್ವಿ. ಆಮ್ಯಾಲೆ ಸಂಡೂರು, ಹೊಸಪೇಟೆ ಕಡೆ ಕಬ್ಬಿಣದ ಅದಿರಿನ ಕಾಲ ಬಂತು. ಹೊಸಪೇಟೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ ಮ್ಯಾಲೆ ಹಾದು ಅಂಕೋಲಾ, ಬೇಲೆಕೇರಿ, ಕಾರವಾರದ ತನಕ ಹಗಲು ರಾತ್ರಿ ಲಾರಿ, ರೋಡ್ ಬಾಜೂಕಿನ ಹೊಲದಾಗ ಹತ್ತಿ ಸೈತ ಕೆಂಪಗಾಗಿತ್ತು. ನಮ್ಮ ಓಣ್ಯಾಗ ಡ್ರೈವರ್ ಇಲ್ಲದ ಮನಿ ಹುಡುಕಬೇಕಿತ್ತು. ಯಾರೋ ಕ್ಲೀನರ್, ಯಾರೋ ಲೋಡಿಂಗ್, ಯಾರೋ ವೇಬ್ರಿಜ್ ಮುಂದ ಚೀಟಿ ಬರೆಯೋರು. ನಾನೂ ಆರು ವರ್ಷ ಟಿಪ್ಪರ್ ಹೊಡದೀನಿ. 2010ರ ಜುಲೈದಾಗ ರಾಜ್ಯ ಸರ್ಕಾರ ಅದಿರು ರಫ್ತು ಬಂದ್ ಮಾಡ್ತು, ಮುಂದಿನ ವರ್ಷ ಜುಲೈ 29ಕ್ಕ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆ ಗಣಿಗಾರಿಕೇನೇ ನಿಲ್ಲಿಸ್ತು. ನಿಲ್ಲಿಸಿದ್ದು ಸರಿ ಇತ್ರಿ, ಆ ಲೂಟಿ ನಾವು ಕಣ್ಣಾರೆ ನೋಡೀವಿ, ಓವರ್‌ಲೋಡ್ ಹಾಕ್ಕೊಂಡು ನಾವೇ ಗಾಡಿ ಹೊಡದೀವಿ. ಆದ್ರ ಆ ದೀಪಾವಳಿ ಹೊತ್ತಿಗೆ ನಮ್ಮೂರಿನ ಗಾಡಿ ಒಂದೊಂದ ಫೈನಾನ್ಸ್‌ನವ್ರು ಎಳಕೊಂಡು ಹೋದ್ರು, ಹೆಣ್ಮಕ್ಕಳು ತಾಳಿ ಒಂದ ಬಿಟ್ಟು ಉಳಿದಿದ್ದೆಲ್ಲಾ ಒತ್ತಿ ಇಟ್ರು. ಆಗ ಐದಾರು ವರ್ಷದವ್ರಿದ್ದ ಹುಡುಗ್ರು ಈಗ ದುಡಿಯೋ ವಯಸ್ಸಿಗೆ ಬಂದಾರ.

ಈಗ ಮುಂಡರಗ್ಯಾಗ ನಂದೊಂದು ಸಣ್ಣ ಗ್ಯಾರೇಜ್ ಐತಿ. ನಮ್ಮೂರಿನ ಒಬ್ಬ ಹುಡುಗ ಹದಿನಾರು ವರ್ಷದವ ಇದ್ದಾಗ ಬಂದ, ಅವ್ರಪ್ಪ ನನ್ನ ಕೂಡ ಗಾಡಿ ಹೊಡ್ಯೋನು. ಆ ಹುಡುಗ ಬಾನೆಟ್ ಮ್ಯಾಲೆ ಕೈ ಇಟ್ಟು ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳ್ತಾನ, ನಾಜಲ್ ಹೋಗೈತೋ ಫಿಲ್ಟರ್ ಕಟ್ಟೈತೋ ಬಿಚ್ಚೋಕಿಂತ ಮೊದ್ಲ ಹೇಳ್ತಾನ, ಹತ್ತರಾಗ ಒಂಬತ್ತು ಸರ್ತಿ ಖರೇನ ಇರ್ತೈತಿ. ಆದ್ರ ಎಸ್ಸೆಸ್ಸೆಲ್ಸಿ ಗಣಿತದಾಗ ಎರಡು ಸರ್ತಿ ಫೇಲು. ಐಟಿಐದಾಗ ಡೀಸೆಲ್ ಮೆಕ್ಯಾನಿಕ್ ಟ್ರೇಡಿಗೆ ಎಸ್ಸೆಸ್ಸೆಲ್ಸಿ ಪಾಸ್ ಬೇಕು, ಹಿಂಗಾಗಿ ಆ ಬಾಗಿಲು ಬಂದ್. ಎಂಟನೇತ್ತೆ ಪಾಸಿನ ಮ್ಯಾಲೆ ವೆಲ್ಡರ್‌ಗೆ ಸೇರಿಸಿದ್ವಿ, ಕ್ಲಾಸು ಒಂಬತ್ತಕ್ಕ, ಊರಿಂದ ಬರೋ ಬಸ್ಸು ಹತ್ತು ಹೊಡದ ಮ್ಯಾಲೆ ಮುಟ್ಟತೈತಿ. ಮೂರ್ನಾಕು ತಿಂಗಳು ದಿನಾ ಹೊರಗ ನಿಂತು ಬೈಸ್ಕೊಂಡ, ಹಾಜರಿ ಕಮ್ಮಿ ಅಂತ ಹೆಸರು ತಗದ್ರು. ಅವ್ವ ಕೊಡ್ಸಿದ್ದ ಖಾಕಿ ಶರ್ಟು ಇಸ್ತ್ರಿ ಮಾಡಿದ್ದು ಮಾಡಿದಂಗ ನನ್ನ ಗ್ಯಾರೇಜಿನ ಮೊಳಿಗೆ ತೂಗಹಾಕಿ ಗೋವಾಕ್ಕ ಹೋದ, ಅಲ್ಲಿ ಈಗ ಸೆಂಟ್ರಿಂಗ್ ಹಲಗಿ ಹೊರಾಕತ್ತಾನ. ಶರ್ಟು ಇನ್ನೂ ಅಲ್ಲೇ ಐತ್ರಿ, ನಾನು ತಗದಿಲ್ಲ.

ಇಂಥ ಹುಡುಗ್ರಿಗೆ ಸರ್ಕಾರದ್ದು ಏನೂ ಇಲ್ಲ ಅಂತಲ್ಲ, ಇರೋದೆಲ್ಲಾ ಇವ್ರ ಬಾಜೂಕ ಹಾದು ಹೋಗ್ತೈತಿ. ಕೆಲಸ ಇಲ್ಲದವ್ರಿಗೆ ಕೊಡೋ ಯುವನಿಧಿ ಪದವಿ ಆದವ್ರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವ್ರಿಗೆ 1500, ಹತ್ತನೇತ್ತೆ ಫೇಲ್ ಆದವಂಗೆ ಏನೂ ಇಲ್ಲ. ಸಂಡೂರು ಭಾಗದ ಪುನಶ್ಚೇತನಕ್ಕಂತ ಸಾವಿರಾರು ಕೋಟಿ ಐತಿ, ಅದು ಗಣಿ ಇದ್ದ ಜಿಲ್ಲೆಗಳಿಗೆ. ಗಣಿಯವ್ರು ಬಾಧಿತ ಊರುಗಳಿಗಂತ ಕಟ್ಟೋ, 2015ರ ಕಾನೂನಿನ್ಯಾಗ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ರೊಕ್ಕಾನೂ ಐತಿ, ಅದರಾಗ ಶಿಕ್ಷಣ, ಕೌಶಲ್ಯ ತರಬೇತಿ ಎಲ್ಲಾ ಆದ್ಯತೆ ಪಟ್ಟ್ಯಾಗೇ ಅದಾವ, ಆದ್ರ ಈಗಿನ ನಿಯಮದ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ಒಳಗಿನ ಊರು ನೇರ ಬಾಧಿತ, 25ರ ಒಳಗಿಂದು ಪರೋಕ್ಷ ಬಾಧಿತ. ಮಣ್ಣು ಎಲ್ಲಿ ತೋಡಿದ್ರೋ ಅಲ್ಲಿಂದ ಟೇಪು ಹಿಡಿದು ಅಳೀತಾರ, ಯಾವ ಊರಿನ ಮಂದಿ ಬೆನ್ನು ಮುರಕೊಂಡು ದುಡಿದ್ರು ಅಂತ ಅಳ್ಯೋರು ಇಲ್ಲ. ಲಾರಿ ಹೊಡದು ಸೊಂಟ ಹೋದವ್ರು, ಧೂಳು ಕುಡದು ಕೆಮ್ಮೋರು ಗದಗ, ಮುಂಡರಗಿ, ಶಿರಹಟ್ಟಿ ಊರೂರಾಗ ಅದಾರ, ಅವ್ರ ಮಕ್ಕಳು ಯಾವ ಲೆಕ್ಕಕ್ಕೂ ಬರಂಗಿಲ್ಲ.

ಇನ್ನೊಂದು ಮಾತು, ಇದನ್ನ ಹೇಳಾಕ ನಂಗ ಸಂಕಟ ಆಗತೈತಿ. ಕಪ್ಪತಗುಡ್ಡದ ಸಂರಕ್ಷಿತ ಸ್ಥಾನ 2016ರಾಗ ಸರ್ಕಾರ ವಾಪಸ್ ತಗೊಂಡಾಗ ತೋಂಟದಾರ್ಯ ಮಠದ ಸಿದ್ಧಲಿಂಗ ಶ್ರೀಗಳು ಗದಗಿನ್ಯಾಗ ಹೋರಾಟಕ್ಕ ಕುಂತ್ರು, ನಾನೂ ಗ್ಯಾರೇಜ್ ಬಂದ್ ಮಾಡಿ ಹೋಗಿ ಕುಂತಿದ್ದೆ. 2017ರಾಗ ಆ ಸ್ಥಾನ ತಿರುಗಿ ಸಿಕ್ತು, 2019ರಾಗ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆತು. ಅವತ್ತು ನಾನು ಅತ್ತೀನ್ರಿ. ಈಗ್ಲೂ ಗುಡ್ಡ ತೋಡಬಾರ್ದು ಅನ್ನೋದ್ರಾಗ ನನ್ನ ಮಾತು ಬದಲಾಗಿಲ್ಲ. ಆದ್ರ ಗಣಿ ಬೇಕು ಅನ್ನೋರು ಪ್ರತಿ ಸರ್ತಿ ಬಂದು ಹೇಳೋದು ಒಂದೇ, ನಿಮ್ಮ ಹುಡುಗ್ರಿಗೆ ಕೆಲಸ ಕೊಡ್ತೀವಿ ಅಂತ. ಆಗ ನಮ್ಮ ಕಡೆ ಕೊಡಾಕ ಉತ್ತರ ಇರಂಗಿಲ್ಲ. ಗುಡ್ಡದ ಮ್ಯಾಲೆ ಗಾಳಿಯಂತ್ರ ತಿರುಗ್ತಾವ, ನನಗ ಗೊತ್ತಿರೋ ಹುಡುಗ್ರು ಅಲ್ಲಿ ಕಾವಲಿಗೆ ಅಷ್ಟ ಅದಾರ, ರಿಪೇರಿಗೆ ಹೊರಗಿಂದ ಬರ್ತಾರ. ಧಾಮ ಆತು, ಗುಡ್ಡದ ಒಂದೊಂದು ಹಳ್ಳ, ಒಂದೊಂದು ಗಿಡ ಗೊತ್ತಿರೋ ಕುರಿ ಕಾಯೋರ ಮಕ್ಕಳು ಅದಾರ, ಅವ್ರಿಗೆ ಗೈಡ್ ತರಬೇತಿ ಕೊಡ್ತೀವಿ ಅಂತ ಊರಿಗೆ ಬಂದು ಕೂಗಿ ಹೇಳಿದವ್ರು ಯಾರೂ ಇಲ್ಲ. ಕೋಲಾರ ಕಡೆ ಕೆಜಿಎಫ್ ಬಂಗಾರದ ಗಣಿ 2001ರಾಗ ಬಂದ್ ಆತು, ಅಲ್ಲಿ ಹುಡುಗ್ರು ಇವತ್ತಿಗೂ ನಸುಕಿನ್ಯಾಗ ಎದ್ದು ಟ್ರೇನ್ ಹಿಡಿದು ಬೆಂಗಳೂರಿಗೆ ದುಡಿಯಾಕ ಹೋಗ್ತಾರ. ಅವ್ರಿಗೆ ಟ್ರೇನರೆ ಐತಿ.

ಹಂಗಾಗಿ ಜಿಲ್ಲಾಡಳಿತಕ್ಕ, ನಮ್ಮ ಶಾಸಕ್ರಿಗೆ, ಮಂತ್ರಿಗಳಿಗೆ ಕೇಳ್ಕೊಳ್ಳೋದು ಇಷ್ಟ. ವರ್ಷಕ್ಕೊಂದು ಉದ್ಯೋಗ ಮೇಳ ಮಾಡಿ ಪೆಂಡಾಲ್ ಬಿಚ್ಚಿಕೊಂಡು ಹೋದ್ರ ಸಾಲಂಗಿಲ್ಲ. ಮೊದಲ ಬಸ್ಸು ಒಂಬತ್ತರ ಒಳಗ ಮುಂಡರಗಿ ಮುಟ್ಟೋಹಂಗ ಮಾಡ್ರಿ, ಇದಕ್ಕ ಕೋಟಿ ಬೇಕಾಗಿಲ್ಲ. ಕೈಯಾಗ ಕೆಲಸ ಇದ್ದು ಕಾಗದ ಇಲ್ಲದವ್ರಿಗೆ ಪರೀಕ್ಷೆ ತಗೊಂಡು ಸರ್ಟಿಫಿಕೇಟ್ ಕೊಡೋ ಆರ್‌ಪಿಎಲ್ ಅಂತ ಕೇಂದ್ರದ ಕೌಶಲ್ಯ ಯೋಜನ್ಯಾಗ ಐತಿ, ಅದರ ಕ್ಯಾಂಪ್ ಗುಡ್ಡದ ಬುಡದ ಊರಾಗ ಹಾಕ್ರಿ. ಪಂಚಾಯ್ತಿ ಗ್ರಂಥಾಲಯ, ಅಂದ್ರ ಅರಿವು ಕೇಂದ್ರ ರಾತ್ರಿ ಒಂಬತ್ತರ ತನಕ ತೆರೀಲಿ, ಹೊಲದಿಂದ ಬಂದ ಹುಡುಗ್ಯಾರು ಹತ್ತನೇತ್ತೆ, ಪಿಯುಸಿ ಕಟ್ಟಾಕ ಅಲ್ಲಿ ಓದ್ಕೊಳ್ಳಿ, ಗಣಿತ ಹೇಳಿಕೊಡಾಕ ಊರಾಗ ಡಿಗ್ರಿ ಮುಗಿಸಿ ಮನ್ಯಾಗ ಕುಂತವ್ರೇ ಅದಾರ, ಅವ್ರಿಗೆ ಗೌರವಧನ ಕೊಡ್ರಿ. ಮತ್ತ ನಮ್ಮ ಜಿಲ್ಲೇದು ಖನಿಜ ನಿಧಿ ರೊಕ್ಕ ಎಷ್ಟು ಬಂತು, ಅದರಾಗ ಹುಡುಗ್ರ ತರಬೇತಿಗೆ ಎಷ್ಟು ಹೋತು ಅಂತ ಗ್ರಾಮಸಭ್ಯಾಗ ಓದಿ ಹೇಳ್ರಿ.

ನನ್ನ ಗ್ಯಾರೇಜಿನ್ಯಾಗ ವರ್ಷಕ್ಕ ಇಬ್ಬರು ಹುಡುಗ್ರನ್ನ ಇಟ್ಕೊಂಡು ಪಗಾರ ಕೊಟ್ಟು ಕಲಸಾಕ ನಾನು ತಯಾರಿದ್ದೀನಿ, ನಮ್ಮ ರೋಡಿನ ಇನ್ನೂ ಮೂರು ಗ್ಯಾರೇಜಿನವ್ರು ಒಪ್ಪ್ಯಾರ. ಕ್ಯಾಂಪ್ ಯಾವಾಗ ಅಂತ ತಿಳಿಸಿದ್ರ ಗೋವಾದಾಗಿರೋ ಹುಡುಗನ್ನ ಅವತ್ತಿನ ರಾತ್ರಿ ಬಸ್ಸಿಗೇ ಕರಸ್ತೀನಿ.

ಇಂತಿ,
ಗ್ಯಾರೇಜ್ ನಡಸೋ ಒಬ್ಬ ಓದುಗ, ಮುಂಡರಗಿ, ಗದಗ ಜಿಲ್ಲೆ